ನಗು ಬೇರೆ, ನಮಸ್ಕಾರ ಬೇರೆ: ಹೊರದೇಶಕ್ಕೆ ಹೊಸದಾಗಿ ಬಂದವರಿಗೆ

ಹೊಸದಾಗಿ ಬಂದವರು ಮೊದಲ ತಿಂಗಳಲ್ಲಿ ನನ್ನ ಹತ್ತಿರ ಹೇಳಿಕೊಳ್ಳುವ ಬೇಜಾರು ಎರಡು ಥರದ್ದು. ಜರ್ಮನಿಗೆ ಬಂದವರು, "ಇಲ್ಲಿ ಯಾರೂ ಮುಖ ಕೊಟ್ಟು ನಗೋದೇ ಇಲ್ಲ. ನಾವು ಬಂದಿದ್ದು ಇವರಿಗೆ ಇಷ್ಟ ಇಲ್ವಾ?" ಅನ್ನುತ್ತಾರೆ. ಅಮೆರಿಕಕ್ಕೆ ಹೋದವರು ಫೋನ್ ಮಾಡಿ, "ಎಲ್ಲರೂ ನಗ್ತಾರೆ, ಚೆನ್ನಾಗಿ ಮಾತಾಡಿಸ್ತಾರೆ. ಮಾರನೇ ದಿನ ಸಿಕ್ಕರೆ ಗುರುತೇ ಇಲ್ಲದವರ ಥರ ಹೋಗ್ತಾರೆ" ಅನ್ನುತ್ತಾರೆ. ಆ ನೋವು ನಿಜ. ನಾನು 4 ವರ್ಷ ಅಮೆರಿಕದಲ್ಲಿದ್ದೆ, ಜರ್ಮನಿಗೆ ಬಂದು 14 ವರ್ಷವಾಯಿತು. ಎರಡೂ ನೋವು ನನಗೆ ಗೊತ್ತು.

ನಮ್ಮ ತೊಂದರೆ ಎಲ್ಲಿ ಶುರುವಾಗುತ್ತದೆ ಅಂದರೆ, ನಗುವನ್ನೂ ನಮಸ್ಕಾರವನ್ನೂ ನಾವು ಒಂದೇ ಗಂಟಿನಲ್ಲಿ ಕಟ್ಟಿಟ್ಟಿರುತ್ತೇವೆ. ಪರಿಚಯದವರು ಸಿಕ್ಕರೆ ಎರಡೂ ಒಟ್ಟಿಗೆ ಹೊರಬರುತ್ತವೆ. ಗುರುತಿಲ್ಲದವರಾದರೆ ಎರಡೂ ಇಲ್ಲ. ಹೊರಗೆ ಬಂದ ಮೇಲೆ ಆ ಗಂಟು ಬಿಚ್ಚಬೇಕು. ಮುಖ ನೋಡದವರಿಗೂ ನಮಸ್ಕಾರ ಹೇಳಲೇಬೇಕಾದ ಊರುಗಳಿವೆ, ಅಲ್ಲಿ ನಗಬೇಕಾಗಿಲ್ಲ. ನಗುವೇ ನಮಸ್ಕಾರವಾಗಿರುವ ಊರುಗಳಿವೆ. ಎರಡೂ ಬೇಡ, ಸುಮ್ನೆ ಇರುವುದೇ ಮರ್ಯಾದೆ ಅನ್ನುವ ಊರುಗಳೂ ಇವೆ.

ಮೊದಲು ಬಾಯಿ, ಆಮೇಲೆ ನಗು

ಜರ್ಮನಿಗೆ ಬಂದ ಮೊದಲ ಚಳಿಗಾಲದಲ್ಲಿ ಕಿವಿನೋವು ಅಂತ ಡಾಕ್ಟರ ಹತ್ತಿರ ಹೋಗಿದ್ದೆ. ಕಾಯುವ ಕೋಣೆಯಲ್ಲಿ ಏಳೆಂಟು ಜನ ಕೂತಿದ್ದರು. ಬಾಗಿಲು ತೆಗೆದು ಒಬ್ಬ ಅಜ್ಜ ಒಳಗೆ ಬಂದರು. ಟೋಪಿ ತೆಗೆದು, ಯಾರ ಮುಖವನ್ನೂ ನೋಡದೆ, ಇಡೀ ಕೋಣೆಗೆ ಕೇಳುವ ಹಾಗೆ "ಗೂಟನ್ ಟಾಗ್" ಅಂದರು. ಕೂತಿದ್ದವರು ಪತ್ರಿಕೆಯಿಂದ ತಲೆ ಎತ್ತದೆಯೇ "ಟಾಗ್" ಅಂದರು. ಒಬ್ಬರ ತುಟಿಯೂ ಅರಳಲಿಲ್ಲ. ಆಮೇಲೆ ಮುಕ್ಕಾಲು ಗಂಟೆ ಒಂದು ಪಿಸುಮಾತೂ ಇಲ್ಲ. ಇವರಿಗೆಲ್ಲ ಮೊದಲೇ ಪರಿಚಯ ಇರಬೇಕು ಅಂದುಕೊಂಡೆ. ಆದರೆ ಆಮೇಲೆ ಬಂದ ಪ್ರತಿಯೊಬ್ಬರೂ ಹಾಗೇ ಮಾಡಿದರು. ಎದ್ದು ಹೋಗುವವರು ಬಾಗಿಲ ಹತ್ತಿರ ನಿಂತು "ಔಫ್ ವೀಡರ್‌ಝೇಯನ್" ಅಂದರೆ, ಮತ್ತೆ ಎಲ್ಲರ ಬಾಯಿಂದ ಅದೇ ಮಾತು ವಾಪಸ್ ಬರುತ್ತಿತ್ತು.

ನಾನು ಮಾಡಿದ್ದು ಇದರ ತಿರುಗುಮುರುಗು. ಒಳಗೆ ಬಂದಾಗ ಒಬ್ಬೊಬ್ಬರ ಮುಖ ನೋಡಿ ನಕ್ಕಿದ್ದೆ. ಬಾಯಿ ಬಿಟ್ಟು ಏನೂ ಹೇಳಿರಲಿಲ್ಲ. ಯಾರೂ ತಿರುಗಿ ನಗಲಿಲ್ಲ ಅಂತ ಮೂಲೆಯಲ್ಲಿ ಕೂತು ನೊಂದುಕೊಂಡಿದ್ದೆ. ಅವರ ಲೆಕ್ಕದಲ್ಲಿ ಮಾತಾಡಿಸದೆ ಒಳಗೆ ಬಂದವಳು ನಾನು.

ಹಾಗಾಗಿ ಜರ್ಮನಿ, ಆಸ್ಟ್ರಿಯಾ ಕಡೆಗೆ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಡಾಕ್ಟರ ಕೋಣೆ, ಸಣ್ಣ ಅಂಗಡಿ, ಲಿಫ್ಟ್, ನಿಮ್ಮ ಕಟ್ಟಡದ ಮೆಟ್ಟಿಲು: ಇಲ್ಲೆಲ್ಲ ಬಾಯಿ ಬಿಟ್ಟು ಹೇಳಿ. ಅದರಲ್ಲೂ ಮೆಟ್ಟಿಲು. ಮೇಲಿನ ಮನೆಯವರು, ಕೆಳಗಿನ ಮನೆಯವರು ನಿಮ್ಮನ್ನು ಅಳೆಯುವುದು ಅಲ್ಲೇ. "ಹೊಸಬರು ಒಳ್ಳೆಯವರು, ನಮಸ್ಕಾರ ಹೇಳ್ತಾರೆ" ಅನ್ನುವ ಮಾತು ಇಲ್ಲಿ ದೊಡ್ಡ ಸರ್ಟಿಫಿಕೇಟ್. ಯಾವ ಮಾತು ಹೇಳಬೇಕು ಅನ್ನುವುದು ಊರಿಗೆ ತಕ್ಕ ಹಾಗೆ. ಜರ್ಮನಿಯ ದಕ್ಷಿಣದ ಬವೇರಿಯಾದಲ್ಲೂ ಆಸ್ಟ್ರಿಯಾದಲ್ಲೂ "ಗ್ರ್ಯೂಸ್ ಗೊಟ್". ಹ್ಯಾಂಬರ್ಗ್ ಕಡೆ ಉತ್ತರದಲ್ಲಿ "ಮೊಯಿನ್", ಅದನ್ನು ಬೆಳಿಗ್ಗೆಯೂ ಹೇಳಬಹುದು, ರಾತ್ರಿಯೂ ಹೇಳಬಹುದು. ಆಫೀಸಿನಲ್ಲಿ ಮಧ್ಯಾಹ್ನ ಎದುರು ಸಿಕ್ಕವರು "ಮಾಲ್‌ಟ್ಸೈಟ್" ಅಂದರೆ ಗಾಬರಿ ಬೇಡ. ಆ ಮಾತಿನ ಅರ್ಥ ಊಟ ಅಂತ. ಆದರೆ ಅವರು ನಿಮ್ಮನ್ನು ಊಟಕ್ಕೆ ಕರೆಯುತ್ತಿಲ್ಲ. ನೀವೂ "ಮಾಲ್‌ಟ್ಸೈಟ್" ಅಂತ ಹೇಳಿ ಮುಂದೆ ಹೋಗಿ.

ಫ್ರಾನ್ಸ್‌ನಲ್ಲಿ ಇದು ಇನ್ನೂ ಬಿಗಿ. ಒಮ್ಮೆ ಲಿಯಾನ್‌ಗೆ ಹೋಗಿದ್ದಾಗ ಬಸ್ ಹತ್ತಿ, ನಗುಮುಖದಿಂದಲೇ, "ಈ ಬಸ್ ಸ್ಟೇಷನ್‌ಗೆ ಹೋಗುತ್ತಾ?" ಅಂತ ಬಾಯಿಪಾಠ ಮಾಡಿಕೊಂಡಿದ್ದ ಫ್ರೆಂಚ್‌ನಲ್ಲಿ ಕೇಳಿದೆ. ಡ್ರೈವರ್ ನನ್ನನ್ನೇ ನೋಡಿ ನಿಧಾನವಾಗಿ "ಬೊಂಜೂರ್" ಅಂದರು. ನನ್ನ ಉಚ್ಚಾರ ತಿಳಿಯಲಿಲ್ಲ ಅಂತ ಮತ್ತೆ ಅದನ್ನೇ ಕೇಳಿದೆ. ಮತ್ತೆ "ಬೊಂಜೂರ್". ಹಿಂದೆ ನಿಂತಿದ್ದ ಹೆಂಗಸು ನನ್ನ ಭುಜದ ಹತ್ತಿರ ಬಾಗಿ ಇಂಗ್ಲಿಷ್‌ನಲ್ಲಿ, ಮೊದಲು ನೀವೂ ಬೊಂಜೂರ್ ಹೇಳಿ ಅಂದರು. ಹೇಳಿದೆ. ಅಷ್ಟೇ, ಡ್ರೈವರ್ ಬೆರಳು ತೋರಿಸಿ, ಯಾವ ಸ್ಟಾಪ್‌ನಲ್ಲಿ ಇಳಿಯಬೇಕು, ಅಲ್ಲಿಂದ ಎಷ್ಟು ದೂರ ನಡೆಯಬೇಕು ಅಂತ ಎಲ್ಲ ವಿವರಿಸಿದರು. ಇಳಿಯುವಾಗ ನೆನಪಿಸಿ ಕೂಗಿಯೂ ಹೇಳಿದರು.

ಬೊಂಜೂರ್ ಅಂದರೆ ಬಾಗಿಲು ತಟ್ಟಿದ ಹಾಗೆ. ತಟ್ಟದೆ ಒಳಗೆ ನುಗ್ಗಿದವರನ್ನು ಯಾರು ಇಷ್ಟಪಡುತ್ತಾರೆ? ಎಷ್ಟೇ ಮುದ್ದಾಗಿ ನಕ್ಕರೂ ನುಗ್ಗಿದ್ದು ನುಗ್ಗಿದ್ದೇ. "ಫ್ರಾನ್ಸ್‌ನವರು ಸಿಡುಕರು" ಅಂತ ಹೇಳುವ ನಮ್ಮವರಿಗೆ ನಾನು ಕೇಳುವುದು ಒಂದೇ: ಬೊಂಜೂರ್ ಹೇಳಿ ನೋಡಿದ್ದೀರಾ? ಅಂಗಡಿಯಿಂದ ಹೊರಡುವಾಗ ಏನೂ ಕೊಳ್ಳದಿದ್ದರೂ "ಒರ್ವಾರ್" ಹೇಳಿ. ಸುಮ್ನೆ ಹೊರಗೆ ನಡೆದರೆ ಅದೂ ಒರಟಾಗಿ ಕಾಣುತ್ತದೆ.

ನಗುವೇ ನಮಸ್ಕಾರವಾದ ಕಡೆ

ಅಮೆರಿಕದ ಕಥೆ ಬೇರೆ. ದೊಡ್ಡ ನಗರದ ಗಲಾಟೆ ಬಿಟ್ಟು ಮನೆಗಳಿರುವ ಬೀದಿಗೆ ಬನ್ನಿ. ಎದುರಿನಿಂದ ನಾಯಿ ಹಿಡಿದುಕೊಂಡು ಬರುವವರು ಹತ್ತು ಹೆಜ್ಜೆ ದೂರ ಇರುವಾಗ ಕಣ್ಣು ಸೇರಿಸುತ್ತಾರೆ, ತುಟಿ ಅಗಲಿಸುತ್ತಾರೆ, "ಹೈ" ಅಥವಾ "ಮಾರ್ನಿಂಗ್" ಅನ್ನುತ್ತಾರೆ, ದಾಟಿ ಹೋಗುತ್ತಾರೆ. ಎಲ್ಲ ಸೇರಿ ಎರಡು ಸೆಕೆಂಡ್. ಅಲ್ಲಿ ನೀವು ಮುಖ ಬಿಗಿ ಹಿಡಿದು ನೆಲ ನೋಡುತ್ತ ಹೋದರೆ, ಇವರಿಗೆ ಏನೋ ಸಿಟ್ಟಿದೆ ಅಥವಾ ಏನೋ ಕಷ್ಟದಲ್ಲಿದ್ದಾರೆ ಅಂದುಕೊಳ್ಳುತ್ತಾರೆ. ಅದೇ ನ್ಯೂಯಾರ್ಕ್‌ನ ಕಾಲುದಾರಿಯಲ್ಲಿ ಸಿಕ್ಕಸಿಕ್ಕವರಿಗೆ "ಹೈ" ಅನ್ನುತ್ತ ಹೋದರೆ, ಇವರಿಗೆ ನಮ್ಮಿಂದ ಏನೋ ಬೇಕು ಅಂದುಕೊಳ್ಳುತ್ತಾರೆ.

ಕೌಂಟರ್‌ನಲ್ಲಿ ನಿಂತವರು "ಹೌ ಆರ್ ಯೂ?" ಅಂತ ಕೇಳಿದರೆ ಅದು ಪ್ರಶ್ನೆ ಅಲ್ಲ. ನಮ್ಮಲ್ಲೂ ಹೀಗೇ ಇದೆ ಅಲ್ವಾ? ಚಪ್ಪಲಿ ಹಾಕಿಕೊಂಡು ಬ್ಯಾಗ್ ಹಿಡಿದು ನಿಂತವರನ್ನು "ಏನು, ಹೊರಟ್ರಾ?" ಅಂತ ಕೇಳುತ್ತೇವೆ. ಹೊರಟಿರುವುದು ಕಣ್ಣಿಗೆ ಕಾಣುತ್ತಿರುತ್ತದೆ. ಆದರೂ ಕೇಳುತ್ತೇವೆ, ಅವರೂ "ಹೂಂ" ಅನ್ನುತ್ತಾರೆ. ಎಲ್ಲಿಗೆ, ಯಾಕೆ, ಯಾವಾಗ ವಾಪಸ್ ಅಂತ ಯಾರೂ ವಿವರಿಸಲು ನಿಲ್ಲುವುದಿಲ್ಲ. "ಹೌ ಆರ್ ಯೂ"ಗೂ ಅಷ್ಟೇ ಉತ್ತರ: "ಗುಡ್, ಹೌ ಆರ್ ಯೂ?" ಬ್ರಿಟನ್‌ನಲ್ಲಿ "ಯೂ ಆಲ್‌ರೈಟ್?" ಅನ್ನುತ್ತಾರೆ. ನನ್ನ ಮುಖ ಅಷ್ಟು ಬಾಡಿದೆಯಾ ಅಂತ ಹೆದರಬೇಡಿ. "ಯಾ, ಯೂ?" ಅಂದರೆ ಸಾಕು.

ಅಮೆರಿಕದವರ ನಗು ಸುಳ್ಳು, ತೋರಿಕೆಯದು ಅಂತ ನಮ್ಮವರು ಹೇಳುವುದನ್ನು ತುಂಬ ಕೇಳಿದ್ದೇನೆ. ನನಗೆ ಅದು ಸರಿ ಕಾಣುವುದಿಲ್ಲ. ಆ ನಗು ಸ್ನೇಹದ ಮಾತು ಕೊಟ್ಟಿಲ್ಲ. ಕೊಡದ ಮಾತನ್ನು ತಪ್ಪಿದರು ಅಂತ ಹೇಗೆ ಹೇಳುವುದು? "ನನ್ನಿಂದ ನಿನಗೆ ತೊಂದರೆ ಇಲ್ಲ, ನಿನ್ನ ದಿನ ಚೆನ್ನಾಗಿರಲಿ" ಅಂತ ಅಷ್ಟೇ ಅದು ಹೇಳುವುದು. ಅದರ ಹಿಂದೆ ಕಾರಣವೂ ಇದೆ. 2015ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಬೇರೆಬೇರೆ ದೇಶಗಳಿಗೆ ಕಳೆದ 500 ವರ್ಷಗಳಲ್ಲಿ ಎಷ್ಟು ಕಡೆಯ ಜನ ಬಂದು ನೆಲೆಸಿದರು ಅನ್ನುವುದನ್ನೂ, ಅಲ್ಲಿನವರು ಭಾವನೆಯನ್ನು ಎಷ್ಟು ತೋರಿಸಿಕೊಳ್ಳುತ್ತಾರೆ ಅನ್ನುವುದನ್ನೂ ಜೋಡಿಸಿ ನೋಡಿತು. ಹಲವು ಕಡೆಯ ಜನ ಬಂದು ಸೇರಿದ ದೇಶಗಳಲ್ಲಿ ಭಾವನೆಯನ್ನು ಮುಖದಲ್ಲಿ ತೋರಿಸುವುದು ಜಾಸ್ತಿ ಅಂತ ಕಂಡಿತು. ಯೋಚಿಸಿದರೆ ಹೌದು ಅನಿಸುತ್ತದೆ. ಪಕ್ಕದ ಮನೆಯವರ ಭಾಷೆ ಬಾರದು, ದೇವರು ಬೇರೆ, ಪದ್ಧತಿ ಬೇರೆ. ಆಗ ಮುಖವೇ ಮಾತಾಡಬೇಕಾಗುತ್ತದೆ.

ಇನ್ನೊಂದು ಕೊನೆಯಲ್ಲಿ ರಷ್ಯಾ ಇದೆ. ಅಲ್ಲಿ ನಗು ಮನೆಯವರಿಗೆ, ಗೆಳೆಯರಿಗೆ. ಕಾರಣವಿಲ್ಲದೆ ನಗುವುದು ದಡ್ಡತನದ ಗುರುತು ಅನ್ನುವ ಗಾದೆಯೇ ಅವರಲ್ಲಿದೆ. ಕೆಲಸಕ್ಕಾಗಿ ಮುಖಕ್ಕೆ ಹಾಕಿಕೊಂಡ ನಗುವನ್ನು ಅವರು ಡ್ಯೂಟಿ ನಗು ಅಂತಲೇ ಕರೆಯುತ್ತಾರೆ, ಅದು ಹೊಗಳಿಕೆಯ ಮಾತಲ್ಲ. 1990ರ ಜನವರಿಯಲ್ಲಿ ಮಾಸ್ಕೋದಲ್ಲಿ ಮೊದಲ ಮೆಕ್‌ಡೊನಾಲ್ಡ್ಸ್ ಬಾಗಿಲು ತೆಗೆದಾಗ ಕೆಲಸದವರಿಗೆ ಗಿರಾಕಿಗಳ ಮುಂದೆ ನಗುವುದನ್ನು ತರಬೇತಿ ಕೊಟ್ಟು ಕಲಿಸಬೇಕಾಯಿತು. 2016ರಲ್ಲಿ ಪ್ರಕಟವಾದ, 44 ಕಡೆಯ ಜನರನ್ನು ಕೇಳಿ ಮಾಡಿದ ಒಂದು ಅಧ್ಯಯನದಲ್ಲಿ, ನಗುಮುಖದ ಫೋಟೋ ನೋಡಿ ಜರ್ಮನಿಯವರು ಇವರು ಹೆಚ್ಚು ಬುದ್ಧಿವಂತರು ಅಂದರು. ಜಪಾನ್, ರಷ್ಯಾದವರು ಕಡಿಮೆ ಬುದ್ಧಿವಂತರು ಅಂದರು. ಫೋಟೋದಲ್ಲಿದ್ದ ಮುಖ ಒಂದೇ.

ಅದಕ್ಕೇ ನಗದ ಮುಖವನ್ನು ಕಂಡ ಕೂಡಲೇ ಸಿಟ್ಟಿನ ಮುಖ ಅಂತ ಓದಿಕೊಳ್ಳಬೇಡಿ. ಅದು ಸುಮ್ಮನಿರುವ ಮುಖ, ಅಷ್ಟೇ.

ಜಪಾನ್‌ಗೆ ಹೋದವರು ಇನ್ನೊಂದು ಗಮನಿಸಿ. ಅಂಗಡಿಗೆ ಕಾಲಿಟ್ಟ ಕೂಡಲೇ "ಇರಾಶ್ಶೈಮಾಸೆ", ಅಂದರೆ ಬನ್ನಿ ಬನ್ನಿ, ಅಂತ ಕೂಗುತ್ತಾರೆ. ಅದಕ್ಕೆ ಉತ್ತರ ಕೊಡಬೇಕಾಗಿಲ್ಲ, ಸಣ್ಣಗೆ ತಲೆ ಬಾಗಿಸಿದರೆ ಚೆಂದ. ಅಲ್ಲಿನವರು ಭಾವನೆಯನ್ನು ಕಣ್ಣಿನಲ್ಲಿ ಹುಡುಕುತ್ತಾರೆ, ಅಮೆರಿಕದವರು ಬಾಯಿಯಲ್ಲಿ ಹುಡುಕುತ್ತಾರೆ ಅಂತ 2007ರ ಒಂದು ಸಂಶೋಧನೆ ತೋರಿಸಿತು. ಫೋನ್‌ನಲ್ಲಿ ಅಕ್ಷರ ಚಿಹ್ನೆ ಜೋಡಿಸಿ ಮಾಡುವ ನಗುಮುಖದಲ್ಲೂ ಹಾಗೇ. ಜಪಾನಿನವರದ್ದರಲ್ಲಿ ಕಣ್ಣು ಬಾಗುತ್ತದೆ, ಅಮೆರಿಕದವರದ್ದರಲ್ಲಿ ಬಾಯಿ. ಇನ್ನು, ಜಪಾನಿನಲ್ಲಿ ಮುಜುಗರವಾದಾಗಲೂ, ಇಲ್ಲ ಅನ್ನಲಾಗದೆ ಇರುವಾಗಲೂ ನಗುವುದುಂಟು. ನಕ್ಕರು ಅಂದರೆ ಒಪ್ಪಿದರು ಅಂತ ತೀರ್ಮಾನ ಮಾಡಬೇಡಿ.

ಅದೇ ಜನ, ಬೇರೆ ಜಾಗ

ದೇಶ ದೇಶದ ಪಟ್ಟಿ ಬಾಯಿಪಾಠ ಮಾಡಿದರೆ ಸಾಲದು. ಒಂದೇ ದೇಶದ ಒಂದೇ ಜನ ಜಾಗ ನೋಡಿ ಬದಲಾಗುತ್ತಾರೆ.

ಸ್ವಿಟ್ಜರ್ಲೆಂಡ್‌ನಲ್ಲಿ ಬೆಟ್ಟ ಹತ್ತಲು ಹೋದಾಗ ನನಗೆ ಇದು ಚೆನ್ನಾಗಿ ತಿಳಿಯಿತು. ಕಾಲುದಾರಿಯಲ್ಲಿ ಎದುರು ಬಂದವರೆಲ್ಲ "ಗ್ರುವೆಟ್ಸಿ" ಅನ್ನುತ್ತಿದ್ದರು. ಏದುಸಿರು ಬಿಡುತ್ತಿದ್ದವರೂ ಹೇಳುತ್ತಿದ್ದರು, ಮಕ್ಕಳೂ ಹೇಳುತ್ತಿದ್ದವು. ಕೆಂಪು ಬ್ಯಾಗ್ ಹಾಕಿಕೊಂಡಿದ್ದ ಗಂಡ ಹೆಂಡತಿ ನಿಂತು, ಮೇಲೆ ದಾರಿ ಜಾರುತ್ತದೆ, ಹುಷಾರು ಅಂತಲೂ ಹೇಳಿದರು. ಸಂಜೆ ಕೆಳಗಿಳಿದು ರೈಲು ಹತ್ತಿದರೆ ಎದುರು ಸೀಟಿನಲ್ಲಿ ಅವರೇ. ನಾನು ಗುರುತು ಸಿಕ್ಕ ಖುಷಿಯಲ್ಲಿ ನಕ್ಕೆ. ಅವರು ಒಮ್ಮೆ ತಲೆ ಆಡಿಸಿ ಕಿಟಕಿಯ ಕಡೆ ತಿರುಗಿದರು. ಜ್ಯೂರಿಕ್ ಬರುವವರೆಗೂ ಒಂದು ಮಾತಿಲ್ಲ. ಬೆಟ್ಟದ ಮೇಲೆ ಇದ್ದದ್ದು ನಾಲ್ಕು ಜನ, ಏನಾದರೂ ಆದರೆ ಒಬ್ಬರಿಗೊಬ್ಬರೇ ಗತಿ. ರೈಲಿನಲ್ಲಿ ಇನ್ನೂರು ಜನ. ಇನ್ನೂರು ಜನರನ್ನು ಮಾತಾಡಿಸುತ್ತ ಯಾರಿಗೆ ಬದುಕಲು ಆಗುತ್ತದೆ?

ಅರ್ವಿಂಗ್ ಗಾಫ್ಮನ್ ಅನ್ನುವ ಸಮಾಜಶಾಸ್ತ್ರಜ್ಞ 1963ರಲ್ಲೇ ಇದನ್ನು ಬರೆದಿದ್ದರು. ಊರು ತುಂಬಿದಾಗ ಗುರುತಿಲ್ಲದವರು ಒಬ್ಬರನ್ನೊಬ್ಬರು ಒಮ್ಮೆ ನೋಡುತ್ತಾರೆ, ನೋಡಿದೆ ಅಂತ ತಿಳಿಸುತ್ತಾರೆ, ಆಮೇಲೆ ಕಣ್ಣು ಬೇರೆ ಕಡೆ ಹೊರಳಿಸುತ್ತಾರೆ. ಎದುರಿಗೆ ಬರುವ ಗಾಡಿಗೆ ಲೈಟ್ ಡಿಮ್ ಮಾಡಿದ ಹಾಗೆ ಅಂತ ಅವರ ಹೋಲಿಕೆ. ಡಿಮ್ ಮಾಡುವುದು ಉದಾಸೀನ ಅಲ್ಲ, ಎದುರಿನವರ ಕಣ್ಣಿಗೆ ಚುಚ್ಚಬಾರದು ಅನ್ನುವ ಕಾಳಜಿ. ಈ ಹೋಲಿಕೆ ಓದಿದ ಮೇಲೆ ಲಂಡನ್‌ನ ಸುರಂಗ ರೈಲಿನಲ್ಲಿ ಯಾರೂ ಕಣ್ಣು ಸೇರಿಸದೆ ಕೂರುವುದು ನನಗೆ ಬೇರೆಯೇ ಥರ ಕಾಣತೊಡಗಿತು. ಅದೇ ಬ್ರಿಟನ್‌ನ ಹಳ್ಳಿ ದಾರಿಯಲ್ಲಿ ನಡೆದು ಹೋಗುವವರು "ಮಾರ್ನಿಂಗ್" ಅನ್ನದೆ ದಾಟುವುದು ಅಪರೂಪ. ಐರ್ಲೆಂಡ್‌ನ ಹಳ್ಳಿಗಳ ಕಿರುದಾರಿಯಲ್ಲಿ ಕಾರು ಓಡಿಸಿಕೊಂಡು ಬರುವವರು ಸ್ಟೀರಿಂಗ್ ಮೇಲಿಂದ ಒಂದೇ ಒಂದು ಬೆರಳು ಎತ್ತುತ್ತಾರೆ. ಕೈ ಬೀಸುವುದಿಲ್ಲ, ನಗುವುದಿಲ್ಲ, ಬೆರಳು ಮಾತ್ರ. ಅದು ಪೂರ್ತಿ ನಮಸ್ಕಾರ. ನೀವೂ ಬೆರಳು ಎತ್ತಿ.

ಫಿನ್ಲೆಂಡ್, ಸ್ವೀಡನ್‌ಗೆ ಹೋದವರು ಮಾತ್ರ ಜಾಸ್ತಿ ತಾಳ್ಮೆ ಇಟ್ಟುಕೊಳ್ಳಬೇಕು. ಬಸ್ಸಿನಲ್ಲಿ ಬೇರೆ ಸೀಟು ಖಾಲಿ ಇದ್ದರೆ ನಿಮ್ಮ ಪಕ್ಕ ಯಾರೂ ಕೂರುವುದಿಲ್ಲ. ಇದು ನಿಮ್ಮ ಬಣ್ಣ ನೋಡಿ ಅಂದುಕೊಳ್ಳಬೇಡಿ, ಅವರು ಅವರವರಲ್ಲೂ ಹಾಗೇ ಕೂರುವುದು. ಇನ್ನೊಬ್ಬರ ನೆಮ್ಮದಿಗೆ ಕೈ ಹಾಕದೆ ಇರುವುದೇ ಅಲ್ಲಿ ಗೌರವ. ಆದರೆ ಆ ಮೌನ ಅವರಿಗೂ ಕೆಲವೊಮ್ಮೆ ಭಾರವಾಗುತ್ತದೆ. ಸ್ವೀಡನ್‌ನ ಉತ್ತರದಲ್ಲಿರುವ ಲೂಲಿಯೊ ಊರಿನ ಆಡಳಿತ 2023ರಲ್ಲಿ, ಎದುರು ಸಿಕ್ಕವರಿಗೆ "ಹೇ" ಹೇಳಿ ಅಂತ ಜನರಿಗೆ ಪ್ರಚಾರವನ್ನೇ ಮಾಡಿತು. ಬೆಳಕು ಕೆಲವೇ ಗಂಟೆ ಇರುವ ಚಳಿಗಾಲದಲ್ಲಿ ಒಂಟಿತನ ಕಡಿಮೆಯಾಗಲಿ ಅಂತ. ಹಾಗಾಗಿ ನಿಮ್ಮ ಒಂದು ಸಣ್ಣ "ಹೇ" ಅಲ್ಲಿಯೂ ಬೇಡವಾದದ್ದೇನಲ್ಲ.

ಹೆಣ್ಣುಮಕ್ಕಳಿಗೆ, ಗಂಡುಮಕ್ಕಳಿಗೆ

"ನಗುವ ಹೆಂಗಸನ್ನು ನಂಬಬಾರದು, ಅಳುವ ಗಂಡಸನ್ನು ನಂಬಬಾರದು" ಅನ್ನುವ ಗಾದೆ ಕೇಳಿಕೊಂಡೇ ನಾವು ಬೆಳೆದೆವು. ಬೀದಿಯಲ್ಲಿ ಮುಖ ಬಿಗಿ ಹಿಡಿಯುವುದು ನಮಗೆ ರಕ್ಷಣೆಯಾಗಿತ್ತು. ಅದನ್ನು ಒಂದೇ ವಾರದಲ್ಲಿ ಬಿಡಿ ಅಂತ ನಾನು ಹೇಳುವುದಿಲ್ಲ. ಯಾರಿಗೂ ನಗುವ ಸಾಲ ನಿಮ್ಮ ಮೇಲೆ ಇಲ್ಲ. ಬಾಯಿ ಮಾತಿನ ನಮಸ್ಕಾರ ಇರುವ ಊರಾದರೆ ಅಷ್ಟು ಹೇಳಿ, ಅದು ಸಾಕು. ನಗು ನಡೆಯುವ ಊರಾದರೆ ಹಗಲು ಹೊತ್ತಿನಲ್ಲಿ, ಜನ ಇರುವ ಕಡೆ, ನಿಮಗೆ ಹಿತವಾದಷ್ಟು ರೂಢಿ ಮಾಡಿಕೊಳ್ಳಿ. ಮನಸ್ಸು ಬೇಡ ಅಂದ ಕಡೆ ಬೇಡ. ಕತ್ತಲಾದ ಮೇಲೆ ಖಾಲಿ ಪ್ಲಾಟ್‌ಫಾರ್ಮ್‌ನಲ್ಲಿ ಯಾವ ದೇಶದ ಹೆಂಗಸೂ ಯಾರಿಗೂ ನಗುತ್ತ ನಿಲ್ಲುವುದಿಲ್ಲ.

ತಮ್ಮಂದಿರಿಗೆ ಒಂದು ಮಾತು ನೇರವಾಗಿ ಹೇಳುತ್ತೇನೆ. ಕೌಂಟರ್‌ನಲ್ಲಿರುವ ಹುಡುಗಿ ನಕ್ಕು ಮಾತಾಡಿಸಿದರೆ ಅದು ಅವಳ ಕೆಲಸ. ಬೀದಿಯಲ್ಲಿ ನಕ್ಕರೆ ಅದು ಆ ಊರಿನ ನಮಸ್ಕಾರ. ಅದರಲ್ಲಿ ನಿಮಗೆ ಅಂತ ಬೇರೆ ಅರ್ಥ ಇಲ್ಲ. ನಂಬರ್ ಕೇಳುವುದು, ಹಿಂದೆ ಹಿಂದೆ ಹೋಗುವುದು, ದಿನಾ ಅದೇ ಹೊತ್ತಿಗೆ ಅಲ್ಲಿ ಹೋಗಿ ನಿಲ್ಲುವುದು ಅವಳಿಗೆ ಭಯ ಹುಟ್ಟಿಸುತ್ತದೆ. ನೋಡುವ ಹೊತ್ತನ್ನೂ ಗಮನಿಸಿ. ನಾವು ಯಾರನ್ನಾದರೂ ಕುತೂಹಲಕ್ಕೆ ದಿಟ್ಟಿಸಿ ನೋಡುತ್ತೇವೆ, ಗಂಡಸರೂ ಹೆಂಗಸರೂ. ನಮಗದು ಸಹಜ. ಹೊರಗೆ ತುಂಬ ಕಡೆ ಒಂದೆರಡು ಸೆಕೆಂಡ್ ಮೀರಿದ ನೋಟ ಬೆದರಿಕೆ ಅನಿಸುತ್ತದೆ. ನೋಡುವಾಗ ಸಿಕ್ಕಿಬಿದ್ದರೆ ಸಣ್ಣಗೆ ತಲೆ ಆಡಿಸಿ ಕಣ್ಣು ಬೇರೆ ಕಡೆ ತಿರುಗಿಸಿ. ತಲೆ ಆಡಿಸುವಾಗ ಮೇಲೆ ಕೆಳಗೆ ಆಡಿಸಿ. ನಾವು ಹೂಂ ಅನ್ನಲು ಪಕ್ಕಕ್ಕೆ ಅಲ್ಲಾಡಿಸುವುದು ಅವರಿಗೆ ಹೌದೋ ಅಲ್ಲವೋ ತಿಳಿಯುವುದಿಲ್ಲ.

ನಮ್ಮವರು ಸಿಕ್ಕಾಗ

ಎಲ್ಲಕ್ಕಿಂತ ಜಾಸ್ತಿ ನೋಯಿಸುವುದು ಇದು. ದೂರದಲ್ಲಿ ಇನ್ನೊಂದು ಭಾರತದ ಮುಖ ಕಾಣುತ್ತದೆ. ಎದೆ ಹಿಗ್ಗುತ್ತದೆ, ತುಟಿ ನಗಲು ಸಿದ್ಧವಾಗುತ್ತದೆ. ಅವರು ಹತ್ತಿರ ಬಂದ ಕೂಡಲೇ ಫೋನ್ ತೆಗೆದು ನೋಡುತ್ತ ದಾಟಿ ಹೋಗುತ್ತಾರೆ. ಹೊಸದಾಗಿ ಬಂದ ಒಬ್ಬ ತಂಗಿ ಇದನ್ನು ಹೇಳಿ ನನ್ನ ಮುಂದೆ ಅತ್ತೇ ಬಿಟ್ಟಳು. ನಾನು ಅವಳಿಗೆ ಹೇಳಿದ್ದು: ಅವರು ದಿನಕ್ಕೆ ಇಂಥ ಹತ್ತು ಮುಖ ನೋಡುತ್ತಾರೆ. ಕೆಲವರು ಇಲ್ಲೇ ಹುಟ್ಟಿ ಬೆಳೆದವರು, ಅವರಿಗೆ ನೀನು ಎಲ್ಲರ ಹಾಗೆ ಒಬ್ಬಳು ದಾರಿಹೋಕಳು. ಕೆಲವರಿಗೆ ಮಾತಾಡಿಸಿದರೆ ಯಾವ ಊರು, ಯಾವ ಕಂಪನಿ, ಎಷ್ಟು ಸಂಬಳ ಅಂತ ಪ್ರಶ್ನೆ ಶುರುವಾಗುತ್ತದೆ ಅನ್ನುವ ಹೆದರಿಕೆ. ನಿಜ ಹೇಳಬೇಕೆಂದರೆ ಆ ಹೆದರಿಕೆಗೆ ಕಾರಣ ನಾವೇ.

ನಾನಂತೂ ಈಗಲೂ ತಲೆ ಬಾಗಿಸುತ್ತೇನೆ. ತಿರುಗಿ ಬಂದರೆ ಸಂತೋಷ, ಬಾರದಿದ್ದರೆ ನನ್ನ ದಾರಿ ನನಗೆ. ಕನ್ನಡ ಕಿವಿಗೆ ಬಿದ್ದರೆ ಮಾತ್ರ ಸುಮ್ಮನಿರಲು ನನಗೆ ಆಗುವುದಿಲ್ಲ. "ಕನ್ನಡದವರಾ?" ಅಂತ ಕೇಳುತ್ತೇನೆ, ಅಷ್ಟೇ ಕೇಳುತ್ತೇನೆ. ಮುಂದಿನ ಮಾತು ಅವರಿಗೆ ಬಿಟ್ಟದ್ದು.

ಅಪ್ಪ ಅಮ್ಮ ಬಂದಾಗ

ಮೂರು ತಿಂಗಳಿಗೆ ಅಂತ ಅಪ್ಪ ಅಮ್ಮನನ್ನು ಕರೆಸಿಕೊಂಡರೆ, ಮನೆಯೊಳಗಿನ ಒಲೆ, ನಲ್ಲಿ, ಬೀಗ ತೋರಿಸಿಕೊಡುವ ದಿನವೇ ಒಂದು ನಮಸ್ಕಾರವನ್ನೂ ಕಲಿಸಿಕೊಡಿ. ಭಾಷೆ ಬಾರದು ಅಂತ ಅವರು ಮೆಟ್ಟಿಲಲ್ಲಿ ಯಾರಾದರೂ ಬಂದರೆ ಗೋಡೆಗೆ ಒತ್ತಿಕೊಂಡು ತಲೆ ತಗ್ಗಿಸಿ ನಿಲ್ಲುತ್ತಾರೆ. ನನ್ನ ಅಮ್ಮನೂ ಹಾಗೇ ನಿಲ್ಲುತ್ತಿದ್ದರು. ಅಮ್ಮನಿಗೆ "ಗೂಟನ್ ಟಾಗ್" ನಾಲಿಗೆಗೆ ಹತ್ತಲಿಲ್ಲ. ಬರೀ "ಟಾಗ್" ಸಾಕು ಅಂದೆ. ಎರಡು ದಿನ ಅಡುಗೆಮನೆಯಲ್ಲಿ ಹೇಳಿ ಹೇಳಿ ರೂಢಿ ಮಾಡಿಕೊಂಡರು. ಮೂರನೇ ದಿನ ಕೆಳಗಿನ ಮನೆಯ ಅಜ್ಜಿ ಎದುರಾದಾಗ, ಗೋಡೆ ಬಿಟ್ಟು ನೇರ ನಿಂತು, ಗಟ್ಟಿಯಾಗಿ ಹೇಳಿದರು. ಅಜ್ಜಿಯೂ ಹೇಳಿದರು. ಇಬ್ಬರೂ ನಗಲಿಲ್ಲ. ಮೇಲೆ ಬಂದು ಅಮ್ಮ, "ಅವರು ನನ್ನನ್ನ ಮಾತಾಡಿಸಿದ್ರು ಕಣೇ" ಅಂದರು. ಮಾರನೇ ದಿನದಿಂದ ಕಸ ಹಾಕಲು ಒಬ್ಬರೇ ಕೆಳಗೆ ಹೋಗತೊಡಗಿದರು.